ಅಳತೆಯ ಕೋಲು

ಮಗಳ ಸಂಸಾರವನ್ನು ನೋಡಲೆಂದು ಕ್ಯಾಲಿಫೋರ್ನಿಯಕ್ಕೆ ಹೋಗುವ ನಮ್ಮಂಥ ವೃದ್ಧರಿಗೆ ಅಲ್ಲಿ ದೊರೆಯುವ ಉದ್ಯೋಗಗಳು ಎರಡೇ: ಮೊಮ್ಮಗುವನ್ನು ಆಡಿಸುವುದು, ಸಂಜೆ ಕಾಲಾಡಿಸಿ ಬರುವುದು. ಸಾನ್ ಹೋಸೆ ನಗರದಲ್ಲಿ ಕಳೆದ ಆರು ತಿಂಗಳು ನಾನು ಈ ಎರಡನ್ನೂ ಶ್ರದ್ಧೆಯಿಂದ ನಿರ್ವಹಿಸಿದೆನು. ಎರಡನೆಯ ಉದ್ಯೋಗದಿಂದಲೇ ಈ ಲೇಖನ ಹುಟ್ಟಿತು.

ಮಗಳ ಮನೆಯಿಂದ ಸ್ವಲ್ಪ ದೂರ ನಡೆದರೆ ಒಂದು ಮೂಲೆಯ ನಿವೇಶನ. ಆ ಊರಿನಲ್ಲಿ ಗೇಣು ಭೂಮಿಗೂ ಬಂಗಾರದ ಬೆಲೆ. ಆದರೂ ಈ ಜಾಗದಲ್ಲಿ ಮಾತ್ರ ತಂತಿಬೇಲಿಯೊಳಗೆ ಒಣಹುಲ್ಲು ಬೆಳೆದಿತ್ತು. ಅಲ್ಲಲ್ಲಿ ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ಮುಚ್ಚಳಗಳು ನೆಲಕ್ಕೆ ಸಮನಾಗಿ ಹುದುಗಿದ್ದುವು. ಒಂದು ದಿನ ಒಬ್ಬ ತರುಣನು ಮುಚ್ಚಳವನ್ನು ತೆಗೆದು, ಆಳದಿಂದ ನೀರನ್ನೆತ್ತಿ, ಔಷಧದ ಸೀಸೆಗಳಂಥ ಪುಟ್ಟ ಸೀಸೆಗಳಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದನು. ನನಗೆ ಕುತೂಹಲವಾಯಿತು.

ರಾತ್ರಿ ಊಟದ ಹೊತ್ತಿಗೆ ಅಳಿಯನನ್ನು ಕೇಳಿದೆನು. "ಅಲ್ಲಿ ಹಿಂದೆ ಪೆಟ್ರೋಲ್ ಬಂಕ್ ಇತ್ತು, ಮಾವ. ನೆಲದಡಿಯ ತೊಟ್ಟಿ ಸೋರಿ ಮಣ್ಣೂ ನೀರೂ ಕೆಟ್ಟಿವೆ. ಅವು ಪರೀಕ್ಷೆಯ ಬಾವಿಗಳು" ಎಂದನು. ಬಳಿಕ ಗಣಕಯಂತ್ರದಲ್ಲಿ ರಾಜ್ಯದ ಜಲ ಮಂಡಳಿಯ ದಾಖಲೆಯನ್ನು ತೆರೆದು ತೋರಿಸಿದನು. ಜಿಯೋಟ್ರ್ಯಾಕರ್ ಎಂದು ಅದರ ಹೆಸರು. ಯಾರು ಬೇಕಾದರೂ ನೋಡಬಹುದು. ತೊಟ್ಟಿಯನ್ನು ಅಗೆದು ತೆಗೆದುದು ಯಾವಾಗ, ಯಾವ ಬಾವಿಯಲ್ಲಿ ಬೆಂಜೀನ್ ಎಂಬ ವಿಷದ ಅಂಶ ಎಷ್ಟು, ಹೋದ ಸಲಕ್ಕಿಂತ ಇಳಿದಿದೆಯೆ, ಏರಿದೆಯೆ ಎಲ್ಲವೂ ಅದರಲ್ಲಿದ್ದುವು. ಮನುಷ್ಯನಿಗೆ ಜಾತಕ ಬರೆಯುವುದನ್ನು ಕಂಡಿದ್ದೆನು. ನೆಲಕ್ಕೆ ಜಾತಕ ಬರೆದಿಟ್ಟುದನ್ನು ಕಂಡುದು ಅಂದೇ.

ಈ ಎಚ್ಚರ ಅಲ್ಲಿಯವರಿಗೂ ಸುಮ್ಮನೆ ಬಂದುದಲ್ಲ. ಹಣ್ಣಿನ ತೋಟಗಳಿದ್ದ ಆ ಕಣಿವೆಗೆ ವಿದ್ಯುನ್ಮಾನ ಕಾರ್ಖಾನೆಗಳು ಬಂದಾಗ, ಹೊಗೆಕೊಳವೆಯಿಲ್ಲದ ಈ ಉದ್ಯಮವು ಅತ್ಯಂತ ನಿರ್ಮಲವೆಂದೇ ಜನ ನಂಬಿದ್ದರು. ಆದರೆ 1981ರ ಕೊನೆಯಲ್ಲಿ ದಕ್ಷಿಣ ಸಾನ್ ಹೋಸೆಯ ಫೇರ್‌ಚೈಲ್ಡ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ದ್ರಾವಕವು ಸೋರಿ, ಸಮೀಪದ ಕುಡಿಯುವ ನೀರಿನ ಬಾವಿಯನ್ನು ಸೇರಿದ್ದು ಬೆಳಕಿಗೆ ಬಂದಿತು. ತಮ್ಮ ಕೂಸುಗಳ ಹುಟ್ಟುದೋಷಕ್ಕೆ ಆ ನೀರೇ ಕಾರಣವೆ ಎಂದು ತಾಯಂದಿರು ಪ್ರಶ್ನಿಸಿದರು. 1983ರಲ್ಲಿ ಆ ಜಿಲ್ಲೆಯಲ್ಲಿ ತೊಟ್ಟಿಗಳ ಮೇಲೆ ನಿರ್ಬಂಧಗಳು ಬಂದುವು. ಅದೇ ವರ್ಷ ಕ್ಯಾಲಿಫೋರ್ನಿಯ ರಾಜ್ಯವು ಶಾಸನ ಮಾಡಿತು. 1984ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿತು. ತುಕ್ಕಿನಿಂದ ರಕ್ಷಣೆಯಿಲ್ಲದ ಹಳೆಯ ಉಕ್ಕಿನ ತೊಟ್ಟಿಗಳನ್ನು 1998ರ ಡಿಸೆಂಬರ್ 22ರೊಳಗೆ ಸರಿಪಡಿಸಬೇಕು, ಇಲ್ಲವೆ ಬದಲಾಯಿಸಬೇಕು, ಅದೂ ಆಗದಿದ್ದರೆ ಮುಚ್ಚಬೇಕೆಂದು ಗಡುವಾಯಿತು. ಹುಡುಕಹೊರಟ ಮೇಲೆ ದೇಶಾದ್ಯಂತ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಪತ್ತೆಯಾದುವೆಂದರೆ, ಅದುವರೆಗೆ ಎಷ್ಟು ಮನೆಗಳವರು ತಿಳಿಯದೆ ಅದರ ಮೇಲೆ ಬಾಳಿದ್ದರೋ!

ಶುದ್ಧಿಗೆ ಹಣವೆಲ್ಲಿಂದ ಎಂದು ಕೇಳಿದೆನು. ಸಣ್ಣ ಬಂಕಿನವನು ಮನೆಮಾರು ಮಾರಿದರೂ ಆ ವೆಚ್ಚವನ್ನು ಭರಿಸಲಾರನು. ಅದಕ್ಕಾಗಿ 1989ರ ಶಾಸನದಿಂದ ರಾಜ್ಯವು ಒಂದು ನಿಧಿಯನ್ನು ಸ್ಥಾಪಿಸಿತು. ತೊಟ್ಟಿಗೆ ತುಂಬುವ ಪ್ರತಿ ಗ್ಯಾಲನ್ನಿನ ಮೇಲೂ ಅತ್ಯಲ್ಪ ಶುಲ್ಕವನ್ನು ಒಡೆಯರಿಂದ ಸಂಗ್ರಹಿಸಿ, ಸೋರಿಕೆಯಾದವರಿಗೆ ಶುದ್ಧಿಯ ವೆಚ್ಚವನ್ನು ಒಂದು ಮಿತಿಯವರೆಗೆ ತುಂಬಿಕೊಡುವುದು ಅದರ ಕ್ರಮ. ತಪ್ಪನ್ನು ಮುಚ್ಚಿಡುವುದಕ್ಕಿಂತ ಒಪ್ಪಿಕೊಳ್ಳುವುದೇ ಲಾಭವಾಗುವಂತೆ ಮಾಡಿದ ಈ ಯುಕ್ತಿಯನ್ನು ನಾನು ಮನಸಾರೆ ಮೆಚ್ಚಿಕೊಂಡೆನು.

ಅಳಿಯನು ಮುಂದುವರಿದು, "ಸೋರಿಕೆ ಕಂಡುಹಿಡಿಯಲು ಈಗ ಸೂಕ್ಷ್ಮವಾದ ಉಪಕರಣಗಳಿವೆ. ಮೊದಲು ಸರಳವಾದ ಲೆಕ್ಕವೂ ಸಾಕಾಗಿತ್ತು. ದಿನವೂ ತೊಟ್ಟಿಗೆ ಕೋಲಿಳಿಸಿ ಅಳೆಯಬೇಕು. ತುಂಬಿದ್ದು, ಮಾರಿದ್ದು, ಉಳಿದಿದ್ದು ತಾಳೆಯಾಗಬೇಕು. ತಿಂಗಳ ವ್ಯತ್ಯಾಸ ಮಾರಾಟದ ನೂರಕ್ಕೆ ಒಂದು ಪಾಲು ಮತ್ತು 130 ಗ್ಯಾಲನ್, ಇವೆರಡೂ ಸೇರಿದ್ದನ್ನು ಮೀರಿದರೆ ತೊಟ್ಟಿಯ ಮೇಲೇ ಮೊದಲ ಸಂಶಯ" ಎಂದನು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಮಲೆನಾಡಿನ ಅಂಚಿನ ಒಂದು ಚಿಕ್ಕ ಊರಿನಲ್ಲಿ ನನ್ನ ತಂದೆಯವರು ಪೆಟ್ರೋಲ್ ಬಂಕ್ ನಡೆಸುತ್ತಿದ್ದರು. ಪ್ರತಿದಿನ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಅಂಕಿ ಕೊರೆದ ಉದ್ದನೆಯ ಕೋಲನ್ನು ತೊಟ್ಟಿಗಿಳಿಸಿ ಅಳೆದು, ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುವರು. 1966ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ಲೆಕ್ಕ ತಪ್ಪತೊಡಗಿತು. ಆವಿಯಾಗಿ ಹೋಗುವುದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲ್ ತಿಂಗಳು ತಿಂಗಳೂ ಕೊರೆ ಬೀಳುತ್ತಿತ್ತು. ರಾತ್ರಿ ಬಂಕಿನಲ್ಲಿ ಮಲಗುತ್ತಿದ್ದವನು ಹದಿನಾರು ವರ್ಷದ ಒಬ್ಬ ಹುಡುಗ. ತಂದೆಯವರು ಎಂದೂ ಯಾರಿಗೂ ಕೈಯೆತ್ತಿದವರಲ್ಲ. ಅಂದು ಆ ಹುಡುಗನಿಗೆ ಹೊಡೆದರು. ಅವನು ಅಳುತ್ತ, "ದೇವರಾಣೆ ನಾನಲ್ಲ" ಎಂದನು. ತಿಂಗಳ ಸಂಬಳವನ್ನು ಹಿಡಿದುಕೊಂಡು ಅವನನ್ನು ಕಳುಹಿಸಿಬಿಟ್ಟರು.

ಮುಂದಿನ ಮಳೆಗಾಲದಲ್ಲಿ ಹಿತ್ತಲಿನ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಕಾಣಿಸಿಕೊಂಡಿತು. ಅಮ್ಮ ಕೊಡವನ್ನು ಮೂಸಿ ನೋಡಿ, "ಈ ನೀರಿನಲ್ಲಿ ಅನ್ನ ಮಾಡಲಾರೆ" ಎಂದಳು. ಬಾವಿಗೆ ಚಪ್ಪಡಿ ಮುಚ್ಚಿಸಿ, ಬೀದಿಯ ನಲ್ಲಿಯಿಂದ ನೀರು ತರಿಸತೊಡಗಿದೆವು. ಕೊರೆ ಬಿದ್ದ ಲೆಕ್ಕಕ್ಕೂ ಕೆಟ್ಟ ಬಾವಿಗೂ ಸಂಬಂಧವಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕೆಲವು ವರ್ಷಗಳ ಮೇಲೆ ತಂದೆಯವರು ಆ ಜಾಗವನ್ನು ಮಾರಿದರು. ಕೊಂಡವರಿಗೆ ಬಾವಿಯ ಮಾತನ್ನು ಹೇಳಿದರೋ ಇಲ್ಲವೋ, ಕೇಳೋಣವೆಂದರೆ ಅವರೀಗ ಇಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ತಂದೆಯವರು ದುಷ್ಟರಲ್ಲ, ಕೋಲೂ ಸುಳ್ಳು ಹೇಳಿರಲಿಲ್ಲ. ಆದರೆ ಕೋಲು ಹೇಳಿದ ಸತ್ಯವನ್ನು ಕೇಳಿ ತೊಟ್ಟಿಯ ಕಡೆಗೆ ನೋಡಬೇಕೆಂಬ ವಿಧಿ ನಮ್ಮಲ್ಲಿ ಇರಲಿಲ್ಲ. ನೋಡಬೇಕಾದಲ್ಲಿ ನೋಡದೆ ಹೋದರೆ ಸಂಶಯವು ತನಗೆ ಅತ್ಯಂತ ಸಮೀಪದಲ್ಲಿರುವ ಬಡವನ ಹೆಗಲನ್ನೇರುತ್ತದೆ. ಶಾಸನ, ತನಿಖೆ, ದಾಖಲೆ ಎಂದರೆ ಮಣ್ಣನ್ನೂ ನೀರನ್ನೂ ಕಾಯುವ ಸರಕಾರಿ ಕಾಗದವೆಂದು ಮಾತ್ರ ಭಾವಿಸಿದ್ದೆನು. ಅದು ಮನುಷ್ಯನ ಮಾನವನ್ನೂ ಕಾಯುತ್ತದೆ ಎಂಬುದು ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಊರಿಗೆ ಮರಳಿದ ಮೇಲೆ ಹಳೆಯ ಜಾಗಕ್ಕೆ ಹೋದೆನು. ಈಗ ಅಲ್ಲಿ ಎರಡಂತಸ್ತಿನ ಅಂಗಡಿ ಸಾಲು. ಹಿಂದೆ ಒಂದು ಕೊಳವೆಬಾವಿ. ಮಾಲಿಕರಿಗೆ ಎಲ್ಲವನ್ನೂ ಬಿಚ್ಚಿ ಹೇಳಿ, ನೀರನ್ನು ಪರೀಕ್ಷೆ ಮಾಡಿಸಿರೆಂದು ಬೇಡಿಕೊಂಡೆನು. ಖರ್ಚು ನನ್ನದೆಂದೂ ಹೇಳಿದೆನು. ಅವರು ಮೊದಲು ನಕ್ಕರು. ಆಮೇಲೆ, "ಹಾಗಾದರೆ ಮಾಡಿಸೋಣ, ರಾಯರೆ" ಎಂದರು. ಸೀಸೆಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದೇವೆ. ಉತ್ತರ ಇನ್ನೂ ಬರಬೇಕು.

ಆ ಹುಡುಗನನ್ನೂ ಹುಡುಕಿದೆನು. ಹುಡುಗನೆಲ್ಲಿ! ಪಕ್ಕದ ಹಳ್ಳಿಯಲ್ಲಿ ಮಗನ ಮನೆಯ ಜಗುಲಿಯ ಮೇಲೆ ಕುಳಿತಿದ್ದ, ಕಣ್ಣು ಮಂಜಾದ ಮುದುಕ. ನಾನು ಯಾರೆಂಬುದನ್ನೂ ಬಂದ ಕಾರಣವನ್ನೂ ಹೇಳಿದೆನು. ತೊಟ್ಟಿಯೇ ಸೋರಿತ್ತೆಂದು ಇಂದು ಸಾಧಿಸಿ ತೋರಿಸಲಾರೆ, ಆದರೆ ನನಗೆ ಸಂದೇಹವಿಲ್ಲ. ತಂದೆಯ ಪರವಾಗಿ ಕ್ಷಮೆ ಕೇಳಲು ಬಂದಿದ್ದೇನೆ ಎಂದೆನು.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಹೇಳಿದನು: "ನಮ್ಮವ್ವ ಸಾಯೋವರೆಗೂ ಕೇಳ್ತಾನೇ ಇದ್ಲು ಸ್ವಾಮಿ, ಆ ಎಣ್ಣೆ ಏನು ಮಾಡ್ದೆ ಮಗಾ ಅಂತ. ನೀವು ಅವಳಿದ್ದಾಗ ಬರಬೇಕಾಗಿತ್ತು."

ಒಳಗಿನಿಂದ ಸೊಸೆ ಕಾಫಿ ತಂದಿಟ್ಟಳು. ಇಬ್ಬರೂ ಕುಡಿದೆವು. ನನ್ನ ಬಳಿ ಬೇರೆ ಮಾತಿರಲಿಲ್ಲ.