ಮಗಳು ಬರೆದ ರೊಟ್ಟಿ

ಕಳೆದ ಮಳೆಗಾಲದ ಒಂದು ಸಂಜೆ. ಹನ್ನೊಂದನೆಯ ತರಗತಿಯಲ್ಲಿದ್ದ ನನ್ನ ಮಗಳು ಕಾಲೇಜಿನಿಂದ ಬಂದವಳೇ ದೊಡ್ಡದೊಂದು ಡ್ರಾಯಿಂಗ್ ಶೀಟನ್ನು ನೆಲದ ಮೇಲೆ ಹರಡಿ ಕುಳಿತಳು. 'ನಮ್ಮ ಊರಿನ ಊಟ' ಎಂಬ ವಿಷಯದ ಮೇಲೆ ಪೋಸ್ಟರ್ ಮಾಡಬೇಕಂತೆ. ಕಂಪ್ಯೂಟರಿನ ಪ್ರಿಂಟು ನಡೆಯುವುದಿಲ್ಲ, ಎಲ್ಲವನ್ನೂ ಕೈಯಿಂದಲೇ ಬರೆಯಬೇಕು, ತಲೆಬರಹ ಮಾತೃಭಾಷೆಯ ಲಿಪಿಯಲ್ಲಿರಬೇಕು ಎಂದು ನಿಯಮ.

"ಅವ್ವಾ, ನನ್ನ ಊರು ಡೊಂಬಿವಲಿ. ವಡಾ ಪಾವ್ ಅಂತ ಬರೀತೀನಿ, ಮುಗೀತು" ಎಂದಳು.

ನನಗೆ ಸಿಟ್ಟು ಬಂತು. "ನಿನ್ನ ಊರು ಧಾರವಾಡ" ಎಂದೆ.

"ಎರಡು ವಾರಕ್ಕಿಂತ ಹೆಚ್ಚು ನಾ ಅಲ್ಲಿ ಇದ್ದೇ ಇಲ್ಲ. ಅದು ನಿನ್ನ ಊರು, ನಂದಲ್ಲ."

ಯುವ ಮಿತ್ರರೇ, ನಿಮ್ಮಲ್ಲಿ ಅನೇಕರು ಈ ಮಾತನ್ನು ನಿಮ್ಮ ಮನೆಗಳಲ್ಲೂ ಆಡಿರಬಹುದು. ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ರಾಜಿಯಾದೆ. "ಊರಿನ ಮಾತು ಬಿಡು. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಏನು ತಿಂದಿದ್ದೀಯೋ ಅದನ್ನು ಬರಿ" ಎಂದೆ. ಆಕೆ ಬೆರಳೆಣಿಸಿದಳು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ, ಊರಿಂದ ಬಂದವರು ತರುವ ಪೇಢೆ.

ಪಟ್ಟಿಯಾದ ಮೇಲೆ ಪ್ರಶ್ನೆಗಳು. ರೊಟ್ಟಿಯ ಹಿಟ್ಟಿಗೆ ಕುದಿಯುವ ನೀರೇ ಏಕೆ? ಸುಮಾರು ಮೂವತ್ತು ವರ್ಷಗಳಿಂದ ರೊಟ್ಟಿ ಬಡಿಯುತ್ತಿದ್ದರೂ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಗೋಧಿಹಿಟ್ಟಿನ ಅಂಟು ಜೋಳದ ಹಿಟ್ಟಿಗಿಲ್ಲ, ಎಸರು ಸುರಿದು ನಾದಿದರೇ ಅದಕ್ಕೆ ಜಿಗಿ ಬರುವುದು, ಇಲ್ಲವಾದರೆ ಬಡಿಯುವಾಗ ಅಂಚು ಬಿರಿಯುತ್ತದೆ ಎಂದು ವಿವರಿಸಿದೆ. ಬೆಂದ ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ ಎಂದೂ ಹೇಳಿದೆ. ಎಲ್ಲವನ್ನೂ ಬರೆದುಕೊಂಡಳು.

ಮರುದಿನ ಎಲ್ಲೆಲ್ಲೋ ಓದಿಕೊಂಡು ಬಂದು ನಕ್ಕಳು. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಮೂಲದವು, 1492ರ ನಂತರವೇ ಜಗತ್ತಿಗೆ ಹರಡಿದವು, ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಜೋಳವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಬೆಳೆ. ಇನ್ನು ಪೇಢೆಯನ್ನು ಧಾರವಾಡಕ್ಕೆ ತಂದದ್ದು 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನ.

"ನಿನ್ನ ಧಾರವಾಡದ ಊಟದಾಗ ಧಾರವಾಡದ್ದು ಏನೈತಿ ಅವ್ವಾ?"

ನನಗೂ ನಗು ಬಂತು. ಆದರೆ ಯೋಚಿಸಿದೆ. ಹೊರಗಿನಿಂದ ಬಂದ ಮೆಣಸಿನಕಾಯಿ ಬ್ಯಾಡಗಿಯ ಸೀಮೆಗೆ ಎಷ್ಟು ಒಗ್ಗಿತೆಂದರೆ, 2011ರಲ್ಲಿ ಅದಕ್ಕೆ ಆ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ವಲಸೆ ಬಂದ ಮನೆತನದ ಪೇಢೆಯನ್ನು ಇಂದು ಯಾರೂ ಉನ್ನಾವ್ ಪೇಢೆ ಎನ್ನುವುದಿಲ್ಲ. ಹಾಗಿರುವಾಗ ಮದುವೆಯಾಗಿ ಬಂದು ಡೊಂಬಿವಲಿಯಲ್ಲೇ ಅರ್ಧ ಆಯುಷ್ಯ ಕಳೆದ ನಾನು, ಇಲ್ಲೇ ಹುಟ್ಟಿದ ಮಗಳಿಗೆ 'ಇದು ನಿನ್ನ ಊರಲ್ಲ' ಎಂದು ಏಕೆ ಹಟ ಹಿಡಿಯಬೇಕು?

ಕಷ್ಟವಾದದ್ದು ತಲೆಬರಹ. ಸ್ಕೆಚ್ ಪೆನ್ನನ್ನು ನನ್ನ ಕೈಗಿತ್ತು, "ನೀನೇ ಬರೆದು ಕೊಡು, ನನಗ ಕನ್ನಡ ಬರಿಯಾಕ ಬರಂಗಿಲ್ಲ" ಎಂದಳು. ಸಹಜವಾಗಿಯೇ ಹೇಳಿದಳು. ಆದರೆ ಆ ಮಾತು ನನಗೆ ಚುಚ್ಚಿತು.

ತಪ್ಪು ಅವಳದಲ್ಲ. ನಾನು ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳು. ಮಗಳ ಇಂಗ್ಲಿಷ್ ಚೆನ್ನಾಗಿರಬೇಕೆಂದು ಎರಡನೆಯ ವಯಸ್ಸಿನಿಂದಲೇ ಕಥೆ ಹೇಳಿದೆ, ಪದ್ಯ ಕಲಿಸಿದೆ. ಅವಳಿಗೆ ಐದು ತುಂಬಿದಾಗ ನನ್ನ ತಾಯಿ ಧಾರವಾಡದಿಂದ ಒಂದು ಅಂಕಲಿಪಿ ಕಳಿಸಿದ್ದರು. ಇಂಗ್ಲಿಷ್, ಹಿಂದಿ, ಮರಾಠಿಯ ಹೊರೆಯೇ ಸಾಕು, ಮುಂದೆ ನೋಡೋಣ ಎಂದು ಕಪಾಟಿನಲ್ಲಿಟ್ಟೆ. ಆ 'ಮುಂದೆ' ಬರಲೇ ಇಲ್ಲ. ತಾಯಿ 2019ರಲ್ಲಿ ತೀರಿಕೊಂಡರು. ಮೊಮ್ಮಗಳ ಹೆಸರಿಗೇ ಅವರು ಬರೆದ ಹನ್ನೊಂದು ಪತ್ರಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಬಂದಾಗ ನಾನೇ ಓದಿ ಹೇಳಿದ್ದೆ. ಯಾರ ಹೆಸರಿಗೆ ಬರೆದದ್ದೋ ಅವಳು ಒಂದಕ್ಷರವನ್ನೂ ತಾನಾಗಿ ಓದಿರಲಿಲ್ಲ.

ಅಂದು ರಾತ್ರಿ ಡಬ್ಬಿ ತೆಗೆದು ಇದನ್ನೆಲ್ಲ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿ ಎಲ್ಲಾದರೂ ರೊಟ್ಟಿ ಅಂತ ಬರೆದಾಳೇನು?" ಎಂದು ಕೇಳಿದಳು. ಇಲ್ಲಿ ಆಯಿ ಎಂದರೆ ತಾಯಿ. ನಮ್ಮ ಕಡೆ ಅಜ್ಜಿ. ಹುಡುಕಿದರೆ ಮೂರನೆಯ ಪತ್ರದಲ್ಲೇ ಸಿಕ್ಕಿತು: ರಜೆಗೆ ಬಾ, ಬಿಸಿ ರೊಟ್ಟಿ ಬೆಣ್ಣೆ ಕೊಡುತ್ತೇನೆ ಎಂದು ಬರೆದಿದ್ದರು. ಮಗಳು ಅಜ್ಜಿಯ ಅಕ್ಷರ ನೋಡಿ ನೋಡಿ ಕಚ್ಚಾ ಹಾಳೆಯಲ್ಲಿ ತಿದ್ದಿದಳು. ಮೊದಲು 'ರೊಟಿ' ಆಯಿತು. ಟಕಾರದ ಕೆಳಗೆ ಇನ್ನೊಂದು ಬೇಕು ಎಂದೆ. ಹತ್ತಾರು ಸಲ ಬರೆದ ಮೇಲೆ ಪೋಸ್ಟರಿನ ನೆತ್ತಿಯ ಮೇಲೆ 'ರೊಟ್ಟಿ' ಮೂಡಿತು, ತುಸು ಸೊಟ್ಟಗೆ, ನಾನು ಹೊಸದಾಗಿ ಬಡಿಯಲು ಕಲಿತಾಗಿನ ರೊಟ್ಟಿಯಂತೆಯೇ.

ಬಹುಮಾನವೇನೂ ಬರಲಿಲ್ಲ. ಪೋಸ್ಟರ್ ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ಕೆಳಗಿನ ಮೂಲೆಯಲ್ಲಿ ಆಕೆಯೇ ಇಂಗ್ಲಿಷಿನಲ್ಲಿ ಬರೆದಿದ್ದಾಳೆ: ಊರು ಡೊಂಬಿವಲಿ, ಊಟ ಧಾರವಾಡದ್ದು. ನಾನು ತಿದ್ದಲು ಹೋಗಲಿಲ್ಲ.

ಅಂಕಲಿಪಿ ಕಪಾಟಿನಿಂದ ಹೊರಬಂದಿದೆ. ದಿನಕ್ಕೆರಡು ಸಾಲಿನಂತೆ ಮಗಳು ಪತ್ರ ಓದುತ್ತಿದ್ದಾಳೆ, ಈಗ ಐದನೆಯದರಲ್ಲಿದ್ದಾಳೆ. ಒತ್ತಕ್ಷರ ಬಂದಾಗ ಎಡವುತ್ತಾಳೆ, ನಾನು ಬಾಯಿ ಹಾಕದೆ ಕಾಯುತ್ತೇನೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಹಿರಿಯರ ಕೈಬರಹದ ಒಂದು ಚೀಟಿ ಇದ್ದೀತು, ಮಸಾಲೆಯ ಅಳತೆಯದೋ ಹಬ್ಬದ ಸಾಮಾನಿನದೋ. ಈ ಭಾನುವಾರ ಕೇಳಿ ತೆಗೆಸಿರಿ. ಅಮ್ಮನಿಂದ ಓದಿಸಿಕೊಳ್ಳಬೇಡಿ. ತಡವಾದರೂ ಚಿಂತೆಯಿಲ್ಲ, ನೀವೇ ಓದಿರಿ.