ಕಲಂಗುಟ್‌ನ ಮರಳಿನ ಮೇಲೆ

ಊರಿಂದ ನೆಂಟರು ಬಂದರೆ ಮಾಪ್ಸಾದಲ್ಲಿರುವ ನಾವು ಅವರನ್ನು ಕಲಂಗುಟ್‌ಗೆ ಕರೆದೊಯ್ಯಲೇಬೇಕು. ಈ ಸಲ ಸಂತ ಅಲೆಕ್ಸರ ದೇವಾಲಯದಲ್ಲಿ ಬಲಿಪೂಜೆ ಮುಗಿಸಿ ಕಡಲಿಗೆ ಹೋದೆವು.

"ಕಳ್ಳರ ಕಾಟವಂತೆ" ಎಂದು ಚಿಕ್ಕಮ್ಮ ಚೀಲವನ್ನು ಎದೆಗವಚಿಕೊಂಡಿದ್ದರು. ನಿಜವೇ, ಮೊಬೈಲು, ಪರ್ಸು ಮರಳಲ್ಲಿಟ್ಟು ನೀರಿಗಿಳಿದರೆ ಹೋದದ್ದೇ. ಆದರೆ ನಮಗೆ ಕಳ್ಳನಿಗಿಂತ ನೀರಿನದೇ ಹೆಚ್ಚು ಭಯ. 2008ರಿಂದ ದೃಷ್ಟಿ ಸಂಸ್ಥೆಯ ಜೀವರಕ್ಷಕರು ಈ ತೀರಗಳನ್ನು ಕಾಯುತ್ತಿದ್ದಾರೆ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಬರೀ ಕೆಂಪು ಇದ್ದಲ್ಲಿ ಇಳಿಯಲೇಬಾರದು. ಕುಡಿದವರಿಗೆ ಬಣ್ಣ ಕಂಡರೆ ತಾನೆ! ಇನ್ನು ಬೆಂಕಿ: 2025ರ ಡಿಸೆಂಬರಿನಲ್ಲಿ ಪಕ್ಕದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಮಂದಿ ಸತ್ತರು. ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದವರು.

ಅಷ್ಟರಲ್ಲಿ ಪಕ್ಕದ ಕುಟುಂಬದ ಪರ್ಸು ಕಾಣೆಯಾಯಿತು. "ಘಾಟಿಗಳದೇ ಕೆಲಸ" ಎಂದರೊಬ್ಬರು. ಘಟ್ಟದಾಚೆಯಿಂದ ಬಂದವರಿಗೆ ಇಲ್ಲಿ ಇಟ್ಟ ಹೆಸರದು, ಅಂದರೆ ನಾವೇ. ಮಣಿಸರ ಮಾರುತ್ತಿದ್ದ ಗದಗ ಕಡೆಯ ಹೆಣ್ಣುಮಗಳು ತಲೆ ತಗ್ಗಿಸಿ ನಿಂತಳು. ನಾವು ಮೆಲ್ಲಗೆ ಕನ್ನಡ ನಿಲ್ಲಿಸಿ ಕೊಂಕಣಿಗೆ ಹೊರಳಿದೆವು. ಹೇಳಲು ನಾಚಿಕೆಯಾಗುತ್ತದೆ.

ಪರ್ಸು ಅವರದೇ ಟವೆಲಿನ ಮಡಿಕೆಯಲ್ಲಿ ಸಿಕ್ಕಿತು. ಆಕೆಯ ಬಳಿ ಯಾರೂ ತಪ್ಪಾಯಿತೆನ್ನಲಿಲ್ಲ. ಚಿಕ್ಕಮ್ಮ ಮಾತ್ರ ಎದ್ದುಹೋಗಿ, "ಯಾವೂರವ್ವಾ ನಿಂದು?" ಎಂದು ಎಲ್ಲರಿಗೂ ಕೇಳುವಂತೆ ಮಾತಾಡಿಸಿ, ಎರಡು ಸರ ಕೊಂಡರು.