ಪಾದುವಾದ ಎತ್ತಿನ ಛತ್ರ

ಡೋರ್ನಹಳ್ಳಿಯ ಜಾತ್ರೆಗೆ ಹೋದವರಿಗೆ ಸಂತ ಅಂತೋಣಿಯವರ ಹೆಸರು ಹೊಸದಲ್ಲ. ಪೂರ್ತಿ ಹೇಳಬೇಕೆಂದರೆ ಅವರು ಪಾದುವಾದ ಅಂತೋಣಿ. ಆ ಪಾದುವಾ ಇರುವುದು ಇಟಲಿಯ ಉತ್ತರದಲ್ಲಿ, ವೆನಿಸ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಅಲ್ಲಿಗೆ ಬರುವ ಯಾತ್ರಿಕರು ನೇರವಾಗಿ ಸಂತರ ಬೆಸಿಲಿಕಾಕ್ಕೆ ಹೋಗಿ, ಕರಂಡಕದಲ್ಲಿ ಕಾಪಾಡಿಟ್ಟಿರುವ ಅವರ ನಾಲಿಗೆಗೆ ಕೈಮುಗಿಯುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ವೆನಿಸ್ ನೋಡಲು ಹೋಗಿದ್ದ ನಾನು ಒಂದು ದಿನ ಉಳಿಸಿಕೊಂಡು ಪಾದುವಾಕ್ಕೆ ಬಂದದ್ದು ಬೇರೊಂದು ಅವಶೇಷದ ಆಸೆಯಿಂದ. ಇಲ್ಲಿನ ವಿಶ್ವವಿದ್ಯಾಲಯದವರು ಗೆಲಿಲಿಯೋನ ಬೆನ್ನೆಲುಬಿನ ಒಂದು ಮಣಿಯನ್ನು ಜೋಪಾನ ಮಾಡಿಕೊಂಡಿದ್ದಾರೆ. ಅವನ ನಡುಬೆರಳು ಫ್ಲಾರೆನ್ಸಿನ ಮ್ಯೂಸಿಯಂನಲ್ಲಿದೆ. ವಿಜ್ಞಾನಿಯನ್ನೂ ಸಂತರ ಹಾಗೆಯೇ ಹಂಚಿಕೊಂಡಿದ್ದಾರಲ್ಲ ಎಂದು ನಗು ಬಂತು.

1222ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ‘ಬೋ’ ಎಂದು ಹೆಸರು. ಬೋ ಎಂದರೆ ಎತ್ತು. ಹಿಂದೆ ಈ ಜಾಗದಲ್ಲಿ ಎತ್ತಿನ ಗುರುತಿನ ಒಂದು ಛತ್ರವಿತ್ತಂತೆ. ಛತ್ರ ಹೋಯಿತು, ಹೆಸರು ಉಳಿಯಿತು. ಮೆಟ್ಟಿಲಿನ ಬುಡದಲ್ಲಿ ಎಲೆನಾ ಕೊರ್ನಾರೊ ಎಂಬ ಹೆಣ್ಣುಮಗಳ ಪ್ರತಿಮೆಯಿದೆ. ಆಕೆ ದೇವತಾಶಾಸ್ತ್ರದಲ್ಲಿ ಪದವಿ ಕೇಳಿದಳು, ಬಿಷಪ್ಪರು ಒಪ್ಪಲಿಲ್ಲ. ಕೊನೆಗೆ 1678ರಲ್ಲಿ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಳು.

ಮಾರ್ಗದರ್ಶಕಿ ನಮ್ಮನ್ನು ಮೊದಲು ಕರೆದೊಯ್ದದ್ದು ಗೆಲಿಲಿಯೋನ ಪೀಠದ ಬಳಿಗೆ. ಅರಮನೆಯ ಸಿಂಹಾಸನದಂಥದ್ದನ್ನು ನಿರೀಕ್ಷಿಸಿದ್ದೆ. ಕಂಡದ್ದು ಒರಟು ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆದ, ಮೆಟ್ಟಿಲುಳ್ಳ ಒಂದು ಎತ್ತರದ ಅಟ್ಟಣೆ. ಕಿಕ್ಕಿರಿದ ತರಗತಿಯಲ್ಲಿ ಮೇಷ್ಟರು ಕಾಣಲೆಂದು ವಿದ್ಯಾರ್ಥಿಗಳೇ ಮಾಡಿಕೊಟ್ಟರೆಂದು ಐತಿಹ್ಯ. 1592ರಿಂದ 1610ರವರೆಗೆ, ಹದಿನೆಂಟು ವರ್ಷ ಅವನು ಇಲ್ಲಿ ಗಣಿತ ಕಲಿಸಿದ.

ವಿಚಿತ್ರವೆಂದರೆ ತರಗತಿಯಲ್ಲಿ ಅವನು ಕಲಿಸಬೇಕಾಗಿದ್ದದ್ದು ಭೂಮಿಯೇ ನಡುವೆ ಇದೆಯೆನ್ನುವ ಹಳೆಯ ಖಗೋಳವನ್ನು. ಪಠ್ಯಕ್ರಮ ಹಾಗಿತ್ತು. ಹೊಸದೆಲ್ಲ ನಡೆದದ್ದು ಮನೆಯಲ್ಲಿ. ಸಂಬಳ ಸಾಲದೆ ಮನೆಯಲ್ಲೇ ಹುಡುಗರಿಗೆ ಪಾಠ ಹೇಳುತ್ತಿದ್ದ (ಟ್ಯೂಷನ್ನಿನ ಇತಿಹಾಸ ದೊಡ್ಡದು!). ಮಾಜ್ಜೊಲೇನಿ ಎಂಬ ಕುಶಲಕರ್ಮಿಯನ್ನು ಇಟ್ಟುಕೊಂಡು ಅಳತೆಯ ಉಪಕರಣಗಳನ್ನು ಮಾಡಿಸಿ ಮಾರುತ್ತಿದ್ದ. 1609ರಲ್ಲಿ ದೂರದರ್ಶಕದ ಸುದ್ದಿ ಕೇಳಿದಾಗ ತಾನೇ ಮಸೂರ ಉಜ್ಜಲು ಕೂತ. 1610ರ ಜನವರಿ 7ರ ರಾತ್ರಿ ಗುರುಗ್ರಹದ ಪಕ್ಕದಲ್ಲಿ ಮೂರು ಚುಕ್ಕಿಗಳು ಕಂಡದ್ದು ಈ ಊರಿನಿಂದಲೇ. ಕೆಲವೇ ದಿನಗಳಲ್ಲಿ ಅವು ನಾಲ್ಕಾದವು.

ಇದೇ ವಿಶ್ವವಿದ್ಯಾಲಯದಲ್ಲಿ ಕ್ರೆಮೊನೀನಿ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಿದ್ದ. ದೂರದರ್ಶಕದಲ್ಲಿ ನೋಡಿದರೆ ತಲೆ ಸುತ್ತುತ್ತದೆ, ನನಗದು ಬೇಡ ಎಂದುಬಿಟ್ಟ. ನಾನು ಪ್ರತಿ ವರ್ಷ ತರಗತಿಯಲ್ಲಿ ಈ ಕಥೆ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಅವನು ಗೆಲಿಲಿಯೋನ ಗೆಳೆಯನಾಗಿದ್ದನೆಂದೂ, ಧರ್ಮದ ನ್ಯಾಯಾಲಯದ ಕಣ್ಣು ಅವನ ಮೇಲೂ ಇತ್ತೆಂದೂ ಹೇಳುತ್ತಿರಲಿಲ್ಲ. ನನಗೇ ತಿಳಿದಿರಲಿಲ್ಲ.

ಆಮೇಲೆ ಶವಚ್ಛೇದನದ ರಂಗಮಂದಿರ. 1595ರಲ್ಲಿ ಕಟ್ಟಿದ್ದು, ಈ ಬಗೆಯವುಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು. ಶವವನ್ನು ಸಿದ್ಧಪಡಿಸುತ್ತಿದ್ದ ‘ಅಡುಗೆಮನೆ’ಯಿಂದ ಹೋಗಿ, ಮೇಜಿದ್ದ ಜಾಗದಲ್ಲಿ ನಿಂತು ಕತ್ತೆತ್ತಬೇಕು. ಮರದ ಕಟಕಟೆಗಳ ಆರು ಅಂತಸ್ತುಗಳು ಲಾಳಿಕೆಯಂತೆ ಮೇಲಮೇಲಕ್ಕೆ ಅಗಲವಾಗುತ್ತ ಹೋಗುತ್ತವೆ. ಕೂರಲು ಜಾಗವಿಲ್ಲ. ಎದೆಗೆ ಕಟಕಟೆ ಒತ್ತಿಕೊಂಡು ನಿಂತೇ ನೋಡಬೇಕಾಗಿತ್ತು. ತಲೆತಿರುಗಿದರೂ ಬೀಳಲು ಜಾಗವಿರಲಿಲ್ಲ. ಕೊರೆಯುವ ಚಳಿಗಾಲದಲ್ಲಿ, ದೀಪದ ಬೆಳಕಿನಲ್ಲಿ ಪಾಠ. ಮೇಲಿನಿಂದ ನೂರಾರು ಕಣ್ಣುಗಳು ಈ ಒಂದೇ ಮೇಜಿನ ಮೇಲೆ. ಅಲ್ಲಿ ನಿಂತಾಗ ನನಗೆ ಇನ್‌ಸ್ಪೆಕ್ಷನ್ ದಿನದ ನೆನಪಾಯಿತು.

ಅದಕ್ಕೆ ಮೊದಲಿನ ಪದ್ಧತಿ ಬೇರೆ. ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕೂತು ಗೇಲನ್ನನ ಗ್ರಂಥ ಓದುತ್ತಿದ್ದ. ಕೆಳಗೆ ಕ್ಷೌರಿಕನೊಬ್ಬ ಹೆಣ ಕೊಯ್ಯುತ್ತಿದ್ದ. ಓದುವವನು ನೋಡುತ್ತಿರಲಿಲ್ಲ, ಕೊಯ್ಯುವವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಗೇಲನ್ ದೊಡ್ಡ ವೈದ್ಯನೇ. ಆದರೆ ಅವನು ಕೊಯ್ದು ನೋಡಿದ್ದು ಕೋತಿ, ಹಂದಿಗಳನ್ನು. ಮನುಷ್ಯನ ಕೆಳದವಡೆ ಎರಡು ಮೂಳೆಗಳದ್ದೆಂದು ಅವನು ಬರೆದದ್ದನ್ನು ಹದಿಮೂರು ಶತಮಾನ ಓದಿಕೊಂಡೇ ಬಂದರು. 1537ರಲ್ಲಿ ಪಾದುವಾದಲ್ಲಿ ಪ್ರಾಧ್ಯಾಪಕನಾದ ವೆಸೇಲಿಯಸ್‌ಗೆ ಆಗ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಅವನು ಪೀಠದಿಂದ ಇಳಿದು ತಾನೇ ಚಾಕು ಹಿಡಿದ. ದವಡೆ ಒಂದೇ ಮೂಳೆ ಎಂದು ತೋರಿಸಿದ. ಅವನ ಮಹಾಗ್ರಂಥ ಅಚ್ಚಾದದ್ದು 1543ರಲ್ಲಿ, ಕೊಪರ್ನಿಕಸ್‌ನ ಪುಸ್ತಕ ಹೊರಬಂದ ವರ್ಷವೇ. ಆ ಕೊಪರ್ನಿಕಸ್ ಕೂಡ ಹಿಂದೆ ಪಾದುವಾದಲ್ಲಿ ವೈದ್ಯಕೀಯ ಓದಿದ್ದವನು. ಯುರೋಪಿನ ಹೊಸ ವಿಜ್ಞಾನದ ಹುಟ್ಟಿಗೆ ಪುಸ್ತಕಗಳು ದೂರದರ್ಶಕದ ಚಿತ್ರ ಹಾಕುತ್ತವೆ. ನನ್ನನ್ನು ಕೇಳಿದರೆ ಮೇಷ್ಟರು ಪೀಠದಿಂದ ಕೆಳಗಿಳಿಯುವ ಚಿತ್ರ ಹಾಕಬೇಕು.

ಈ ರಂಗಮಂದಿರದಲ್ಲಿ ಪಾಠ ಮಾಡಿದವನು ಫ್ಯಾಬ್ರೀಸಿಯಸ್. ಪಾಠ ತಪ್ಪಿಸುತ್ತಾನೆಂದು ಜರ್ಮನ್ ವಿದ್ಯಾರ್ಥಿಗಳು ಅವನ ಮೇಲೆ ದೂರು ಬರೆದಿಟ್ಟಿದ್ದಾರೆ. ಆದರೂ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ವಿವರವಾಗಿ ತೋರಿಸಿಕೊಟ್ಟವನು ಅವನೇ. ಅವು ಏಕಿವೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಕೈಕಾಲಿನತ್ತ ರಕ್ತ ಒಮ್ಮೆಲೇ ನುಗ್ಗದಂತೆ ತಡೆಯುತ್ತವೆ ಎಂದುಕೊಂಡ. ಹೊಳೆದದ್ದು ಅವನ ಶಿಷ್ಯ, 1602ರಲ್ಲಿ ಇಲ್ಲಿ ಪದವಿ ಪಡೆದ ಇಂಗ್ಲೆಂಡಿನ ವಿಲಿಯಂ ಹಾರ್ವೆಗೆ. ಹೃದಯ ಪ್ರತಿ ಬಡಿತಕ್ಕೆ ಒಂದಿಷ್ಟೇ ರಕ್ತ ಹೊರಹಾಕುತ್ತದೆ ಎಂದುಕೊಂಡರೂ, ಅರ್ಧ ಗಂಟೆಯಲ್ಲಿ ಅದು ಇಡೀ ಮೈಯಲ್ಲಿರುವ ರಕ್ತವನ್ನು ಮೀರುತ್ತದೆ. ಉಂಡ ಅನ್ನದಿಂದ ಅಷ್ಟು ರಕ್ತ ಹುಟ್ಟಲಾರದು. ಅಂದಮೇಲೆ ಅದೇ ರಕ್ತ ಸುತ್ತುತ್ತಿರಬೇಕು. 1628ರ ಅವನ ಪುಸ್ತಕದಲ್ಲಿ ಬಟ್ಟೆ ಬಿಗಿದ ತೋಳಿನ ಚಿತ್ರಗಳಿವೆ. ಆ ಪ್ರಯೋಗಕ್ಕೆ ಬೇಕಾದದ್ದು ಒಂದು ಬಟ್ಟೆಯ ಪಟ್ಟಿ, ಎರಡು ಬೆರಳು.

ಇಪ್ಪತ್ತೆಂಟು ವರ್ಷದಿಂದ ರಕ್ತ ಪರಿಚಲನೆ ಕಲಿಸುತ್ತಿದ್ದೇನೆ. ಚಾರ್ಟ್ ತೂಗುಹಾಕಿ, ಕೋಲಿನಿಂದ ತೋರಿಸಿ. ಒಮ್ಮೆಯೂ ಯಾರ ತೋಳಿಗೂ ಬಟ್ಟೆ ಕಟ್ಟಲಿಲ್ಲ. ಕ್ರೆಮೊನೀನಿಗಾದರೂ ತಲೆ ಸುತ್ತುವ ನೆಪವಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಆ ಪಾಠ ಬಂತು. ಮಕ್ಕಳ ಕೈಯಲ್ಲಿ ನರ ಸರಿಯಾಗಿ ಕಾಣದು. ನಮ್ಮ ಶಾಲೆಯ ಅಟೆಂಡರ್ ತೋಳು ಗುದ್ದಲಿ ಹಿಡಿದು ಪಳಗಿದ ತೋಳು. “ಸಾರ್, ಸೂಜಿ ಗೀಜಿ ಇಲ್ಲ ತಾನೆ?” ಎಂದು ಕೇಳಿಕೊಂಡೇ ಕೂತ. ಮೊಣಕೈ ಮೇಲೆ ಪಟ್ಟಿ ಕಟ್ಟಿದೆವು. ನರ ಉಬ್ಬಿ, ಅಲ್ಲಲ್ಲಿ ಕಬ್ಬಿನ ಗೆಣ್ಣಿನಂತೆ ಗಂಟುಗಳು ಎದ್ದವು. ಒಂದು ಬೆರಳಿನಿಂದ ನರವನ್ನು ಒತ್ತಿಹಿಡಿದು, ಇನ್ನೊಂದರಿಂದ ರಕ್ತವನ್ನು ಗಂಟಿನ ಆಚೆಗೆ ಮೇಲಕ್ಕೆ ತಳ್ಳಿದೆ. ನಡುವಿನ ನರ ಚಪ್ಪಟೆಯಾಗಿ ಖಾಲಿಯಾಯಿತು. ಮೇಲಿನಿಂದ ಒಂದು ತೊಟ್ಟೂ ಇಳಿಯಲಿಲ್ಲ. ಕೆಳಗಿನ ಬೆರಳು ತೆಗೆದೊಡನೆ ತುಂಬಿಕೊಂಡಿತು. ಮಕ್ಕಳು ಬೆಂಚು ಬಿಟ್ಟು ಮೇಜಿನ ಸುತ್ತ ಮುತ್ತಿದ್ದರು, ಹಿಂದಿನವರು ಬೆಂಚಿನ ಮೇಲೆ ಹತ್ತಿದ್ದರು.

ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು: “ಸಾರ್, ಅಪಧಮನಿಯಿಂದ ಬಂದ ರಕ್ತ ಈ ನರಕ್ಕೆ ಎಲ್ಲಿ ದಾಟುತ್ತೆ?”

ಹಾರ್ವೆಗೂ ಅದು ಕಾಣಲಿಲ್ಲ. 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಲೋಮನಾಳಗಳನ್ನು ನೋಡಬೇಕಾಯಿತು. ಕಪ್ಪೆ ಕೊಯ್ಯಬೇಕಿಲ್ಲ, ಜೀವಂತ ಗೊದಮೊಟ್ಟೆಯ ಬಾಲದಲ್ಲೂ ರಕ್ತ ದಾಟುವುದು ಕಾಣುತ್ತದೆ. ಶಾಲೆಯ ಹಿಂದಿನ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಇಬ್ಬರು ಹುಡುಗರನ್ನು ಲೋಟ ಕೊಟ್ಟು ಕಳಿಸಿ, ಬೀರುವಿನಿಂದ ಸೂಕ್ಷ್ಮದರ್ಶಕ ಇಳಿಸಿದೆ. ಮಸೂರದ ಮೇಲೆ ಬೂಷ್ಟು ಹಿಡಿದಿತ್ತು. ಪಂಚೆಯ ಚುಂಗಿನಿಂದ ಒರೆಸುತ್ತ ಕೂತೆ.